ಶಾಲೆಯ ಮೊದಲ ಹದಿನೈದು ದಿನಗಳು

ಜೂನ್ ತಿಂಗಳಲ್ಲಿ ಶಾಲೆಗಳು ತೆರೆದಾಗ ಮೊದಲ ವಾರವೆಲ್ಲ ಕೇಳಿಬರುವುದು ಎಳೆಯರ ಅಳು. ಆದರೆ ಎಲ್ಲರ ಅಳುವೂ ಒಂದೇ ಬಗೆಯದಲ್ಲ. ಕನ್ನಡ ಶಾಲೆಗಳಲ್ಲಿ ಓದಿ, ಹೊಟ್ಟೆಪಾಡಿಗಾಗಿ ಅಹಮದಾಬಾದು, ವಡೋದರ, ಸೂರತ್ ನಗರಗಳಲ್ಲಿ ನೆಲಸಿರುವ ನಮ್ಮಂಥವರ ಮಕ್ಕಳು ಶಾಲೆಯ ಹೊಸ್ತಿಲಲ್ಲಿ ತಾಯಿಯೊಡನೆ ತಾಯ್ನುಡಿಯನ್ನೂ ಬಿಟ್ಟು ಒಳಗೆ ಹೋಗಬೇಕಾಗುತ್ತದೆ.

ಈ ತೊಡಕು ಎಷ್ಟು ಸೂಕ್ಷ್ಮವಾದುದೆಂಬುದನ್ನು ನೋಡಿರಿ. ಕನ್ನಡದ ಕೂಸು ಜೊತೆಯವನನ್ನು 'ಬಾ' ಎಂದು ಕರೆದರೆ ಗುಜರಾತಿ ಕಿವಿಗೆ ಅದು ತಾಯಿಯನ್ನು ಕರೆದಂತೆ ಕೇಳುತ್ತದೆ. 'ನಾನು' ಎಂದರೆ ಅವರಿಗೆ 'ಚಿಕ್ಕದು'. ನಮ್ಮಲ್ಲಿ 'ಒಂದಕ್ಕೆ', 'ಎರಡಕ್ಕೆ' ಎನ್ನುವಂತೆಯೇ ಅಲ್ಲಿ 'ಏಕೀ', 'ಬೇಕೀ' ಎನ್ನುತ್ತಾರೆ. ನೀರಿಗಾಗಿ 'ಬೇಕು' ಎಂದ ಮಗುವನ್ನು ಕೈಹಿಡಿದು ಶೌಚಗೃಹಕ್ಕೆ ಕರೆದೊಯ್ದರೆ ಯಾರನ್ನು ದೂರೋಣ! ನಗು ಬರುವ ಸಂಗತಿಯೇ ಸರಿ. ಮಗುವಿಗೆ ಮಾತ್ರ ಅದು ನಗೆಯಲ್ಲ. ಕೇಳಲು ಬಾರದೆ ಚಡ್ಡಿ ಒದ್ದೆಮಾಡಿಕೊಂಡ ಕೂಸು ಮರುದಿನ ಹೊಟ್ಟೆನೋವೆಂದು ಹಾಸಿಗೆ ಬಿಡದು. ಆದುದರಿಂದ ಅಕ್ಷರಗಳಿಗಿಂತ ಮೊದಲು 'ಪಾಣೀ', 'ಏಕೀ', 'ಬೇಕೀ', ಉಪಾಧ್ಯಾಯಿನಿಯನ್ನು ಕರೆಯುವ 'ಬೆನ್' ಎಂಬ ನಾಲ್ಕು ಮಾತುಗಳನ್ನು ಮೇ ತಿಂಗಳಲ್ಲಿಯೇ ಮನೆಯಲ್ಲಿ ಆಟವಾಡುತ್ತ ರೂಢಿಮಾಡಿಸಬೇಕು.

ಇದೇ ಗುಜರಾತಿನಲ್ಲಿ ಗಿಜುಭಾಯಿ ಬಧೇಕಾ (1885–1939) ಎಂಬ ಮಹನೀಯರಿದ್ದರು. ವಕೀಲಿಯನ್ನು ಬಿಟ್ಟು, ಮಾಂಟೆಸರಿಯವರ ವಿಚಾರಗಳಿಗೆ ಮನಸೋತು, 1920ರಲ್ಲಿ ಭಾವನಗರದ ದಕ್ಷಿಣಾಮೂರ್ತಿ ಸಂಸ್ಥೆಯಲ್ಲಿ ಬಾಲಮಂದಿರವನ್ನು ತೆರೆದರು. ಜನರು ಅವರನ್ನು 'ಮೀಸೆಯುಳ್ಳ ತಾಯಿ' ಎಂದು ಅಕ್ಕರೆಯಿಂದ ಕರೆದರು. ಅವರ 'ದಿವಾಸ್ವಪ್ನ'ದ ಮಾಸ್ತರನು ಗದ್ದಲದ ತರಗತಿಯನ್ನು ಒಲಿಸಿಕೊಳ್ಳುವುದು ಬೆತ್ತದಿಂದಲ್ಲ, ಕಥೆಯಿಂದ. ಭಾಷೆಯೇ ಬಾರದ ಮಗುವಿಗೆ ಕಥೆ ಹೇಗೆ ರುಚಿಸೀತು ಎಂದು ಕೇಳಬಹುದು. ಗಂಡುಗುಬ್ಬಿ ಹೆಣ್ಣುಗುಬ್ಬಿಗಳು ಅಕ್ಕಿಕಾಳು ಹೆಸರುಕಾಳು ತಂದು ಖಿಚಡಿ ಬೇಯಿಸಿದ ಕಥೆಯನ್ನು ಗುಜರಾತಿನ ಮಕ್ಕಳೆಲ್ಲ ಬಲ್ಲರು. ತಾಯಿಯಾದವಳು ಅದನ್ನು ಮೊದಲೇ ಕನ್ನಡದಲ್ಲಿ ಹೇಳಿಟ್ಟರೆ, ತರಗತಿಯಲ್ಲಿ 'ಚಕಾ', 'ಚಕೀ' ಎಂಬ ಹೆಸರು ಕೇಳಿದೊಡನೆ ಮಗುವಿನ ಕಣ್ಣರಳುತ್ತದೆ.

ಅಗಲಿಕೆಯ ವಿಷಯ. ಊರಿನಲ್ಲಾದರೆ ಅಜ್ಜಿಯೋ ಸೋದರತ್ತೆಯೋ ಎತ್ತಿಕೊಳ್ಳುತ್ತಿದ್ದರು. ಇಲ್ಲಿ ಮಗುವಿಗೆ ತಾಯಿಯೊಬ್ಬಳೇ ಲೋಕ. ನೆರೆಮನೆಯ 'ಮಾಸಿ'ಯ ಬಳಿ ದಿನಕ್ಕೆ ಅರ್ಧ ಗಂಟೆ ಬಿಟ್ಟು ರೂಢಿಮಾಡಿಸುವುದು ಒಳ್ಳೆಯದು; ಗುಜರಾತಿಯೂ ಕಿವಿಗೆ ಬೀಳುತ್ತದೆ. ಮಗು ಆಟದಲ್ಲಿ ತೊಡಗಿದಾಗ ಕಣ್ಣು ತಪ್ಪಿಸಿ ಜಾರಿಕೊಳ್ಳುವ ತಾಯಂದಿರಿದ್ದಾರೆ. ಇದನ್ನು ನಾವು ಒಪ್ಪೆವು. ಮರುದಿನದಿಂದ ಆ ಕೂಸು ಆಟವನ್ನೇ ಆಡದೆ ಸೆರಗನ್ನು ಕಾಯುತ್ತದೆ. ಹೇಳಿಯೇ ಹೊರಡಬೇಕು. ಗಡಿಯಾರ ತಿಳಿಯದ ಮಗುವಿಗೆ 'ಹನ್ನೆರಡಕ್ಕೆ ಬರುವೆ' ಎಂದರೇನು ಬಂತು? 'ಡಬ್ಬಿ ಉಂಡು, ಕೈತೊಳೆದ ಮೇಲೆ ಬರುವೆ' ಎನ್ನಬೇಕು. ಆ ಹೊತ್ತಿಗೆ ಬಾಗಿಲಲ್ಲಿ ನಿಂತಿರಬೇಕು.

ಗುಜರಾತಿನಲ್ಲಿ 2023ರ ಜೂನ್‌ನಿಂದ ಒಂದನೆಯ ತರಗತಿಗೆ ಸೇರಲು ಆರು ವರ್ಷ ತುಂಬಿರಬೇಕೆಂಬ ನಿಯಮವಾಗಿದೆ. ಅದಕ್ಕೆ ಮೊದಲಿನ ವರ್ಷಕ್ಕೆ ಬಾಲವಾಟಿಕೆಯಿದೆ. ನಿಯಮವು ಯುಕ್ತವಾದುದೇ, ಹೀಗೆ ದೊರೆತ ವರ್ಷವನ್ನು ತಿದ್ದಿಸುವುದರಲ್ಲಿಯೇ ಕಳೆಯದಿದ್ದರೆ ಸಾಕು.

ಮಗು ಬೇಗ ಹೊಂದಿಕೊಳ್ಳಲೆಂದು ಮನೆಯಲ್ಲಿ ಕನ್ನಡವನ್ನೇ ನಿಲ್ಲಿಸುವವರೂ ಉಂಟು. ಹಾಗೆ ಮಾಡಿದರೆ ಶಾಲೆಯಲ್ಲಿ ಪಟ್ಟ ದುಃಖವನ್ನು ಅದು ಯಾವ ನುಡಿಯಲ್ಲಿ ಹೇಳಿಕೊಂಡೀತು? ಸಂಜೆ ಮಡಿಲಲ್ಲಿ ಕೂರಿಸಿಕೊಂಡು ಕನ್ನಡದಲ್ಲಿಯೇ ಮಾತನಾಡಿಸಿರಿ. 'ಏನು ಕಲಿತೆ?' ಎನ್ನದೆ 'ಯಾರ ಪಕ್ಕ ಕುಳಿತೆ?' ಎಂದು ಕೇಳಿರಿ. ಹೆಸರೊಂದನ್ನು ಹೇಳಿತೆಂದರೆ, ಆ ಮನೆಯವರನ್ನು ಬರುವ ಭಾನುವಾರವೇ ಚಹಕ್ಕೆ ಕರೆಯಿರಿ.