ನಗರದ ಉದ್ಯಾನಗಳು: ಯೋಜನೆಯಲ್ಲಿ ನಿವಾಸಿಗಳ ಪಾತ್ರ

ಒಂದು ಬಡಾವಣೆಗೆ ಉದ್ಯಾನವಾಗಲಿ ಆಟದ ಮೈದಾನವಾಗಲಿ ದೊರೆಯುವುದೋ ಇಲ್ಲವೋ ಎಂಬುದು ಸಸಿ ನೆಡುವ ದಿನ ನಿರ್ಧಾರವಾಗುವ ವಿಷಯವಲ್ಲ. ಅದಕ್ಕೆ ಎಷ್ಟೋ ವರ್ಷ ಮೊದಲೇ, ನಗರದ ಅಭಿವೃದ್ಧಿ ಯೋಜನೆಯ ನಕ್ಷೆಯಲ್ಲಿ ಆ ನಿವೇಶನವನ್ನು ಯಾವ ಉದ್ದೇಶಕ್ಕೆ ಕಾಯ್ದಿರಿಸಲಾಯಿತು ಎಂಬುದರಿಂದ ಅದು ತೀರ್ಮಾನವಾಗಿರುತ್ತದೆ. ನಿವಾಸಿಗಳಾದರೋ ಸಾಮಾನ್ಯವಾಗಿ ಬೇಲಿ ಹಾಕುವಾಗ ಅಥವಾ ಮರ ಕಡಿಯುವಾಗ ಎಚ್ಚರಗೊಳ್ಳುತ್ತಾರೆ. ಆ ವೇಳೆಗೆ ಹಣ ಮಂಜೂರಾಗಿ, ಗುತ್ತಿಗೆಯನ್ನೂ ಕೊಟ್ಟಾಗಿರುತ್ತದೆ. ಆದ್ದರಿಂದ ಯಾವ ಹಂತದಲ್ಲಿ, ಯಾರ ಮುಂದೆ, ಯಾವ ರೀತಿಯಲ್ಲಿ ಅಭಿಪ್ರಾಯ ತಿಳಿಸಿದರೆ ಅದಕ್ಕೆ ಬೆಲೆಯುಂಟು ಎಂಬುದನ್ನು ನಗರವಾಸಿಗಳು ಅರಿತಿರುವುದು ಅವಶ್ಯಕ.

ಸಂವಿಧಾನದ 74ನೇ ತಿದ್ದುಪಡಿಯು 1993ರ ಜೂನ್ 1ರಿಂದ ಜಾರಿಗೆ ಬಂದಿತು. ಅದರ ಮೂಲಕ ಸೇರಿಸಲಾದ ಹನ್ನೆರಡನೆಯ ಅನುಸೂಚಿಯು ನಗರಸಭೆಗಳಿಗೆ ವಹಿಸಬಹುದಾದ 18 ವಿಷಯಗಳನ್ನು ಹೆಸರಿಸುತ್ತದೆ. ಉದ್ಯಾನ, ತೋಟ ಮತ್ತು ಆಟದ ಮೈದಾನಗಳು ಅವುಗಳಲ್ಲಿ ಸೇರಿವೆ. 3 ಲಕ್ಷ ಅಥವಾ ಅದಕ್ಕೂ ಹೆಚ್ಚು ಜನಸಂಖ್ಯೆಯುಳ್ಳ ನಗರಗಳಲ್ಲಿ ವಾರ್ಡ್ ಸಮಿತಿಗಳನ್ನು ರಚಿಸಬೇಕೆಂದು 243-ಎಸ್ ಅನುಚ್ಛೇದವು ವಿಧಿಸುತ್ತದೆ. ಈ ಸಮಿತಿಗಳು ಎಲ್ಲೆಡೆಯೂ ಕ್ರಮವಾಗಿ ಸಭೆ ಸೇರುತ್ತಿವೆ ಎಂದು ಹೇಳಲಾಗದು. ಆದರೂ ಸ್ಥಳೀಯ ಉದ್ಯಾನದ ಪ್ರಶ್ನೆಯನ್ನು ಎತ್ತಲು ಸಂವಿಧಾನವೇ ಗುರುತಿಸಿದ ವೇದಿಕೆಯೊಂದು ನಮ್ಮ ನಗರಗಳಲ್ಲಿ ಇದೆ ಎಂಬುದು ಸಾಮಾನ್ಯ ಸಂಗತಿಯಲ್ಲ.

ಕರಡು ಯೋಜನೆಯ ಹಂತ

ನಿವಾಸಿಗಳ ಮಾತಿಗೆ ಅತ್ಯಂತ ಹೆಚ್ಚಿನ ಅವಕಾಶವಿರುವುದು ಕರಡು ಅಭಿವೃದ್ಧಿ ಯೋಜನೆ ಪ್ರಕಟವಾದಾಗ. ಮುಂಬಯಿ, ಪುಣೆ ಮೊದಲಾದ ನಗರಗಳಿಗೆ ಅನ್ವಯಿಸುವ 1966ರ ಮಹಾರಾಷ್ಟ್ರ ಪ್ರಾದೇಶಿಕ ಮತ್ತು ನಗರ ಯೋಜನಾ ಕಾಯಿದೆಯನ್ನೇ ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಕರಡನ್ನು ಪ್ರಕಟಿಸಿ, ಸಾರ್ವಜನಿಕರಿಂದ ಆಕ್ಷೇಪಣೆ ಮತ್ತು ಸಲಹೆಗಳನ್ನು ಆಹ್ವಾನಿಸುವುದು ಈ ಕಾಯಿದೆಯಂತೆ ಕಡ್ಡಾಯ. ಬಂದ ಆಕ್ಷೇಪಣೆಗಳನ್ನು ಆಲಿಸಲು ಸ್ಥಾಯಿ ಸಮಿತಿಯ 3 ಸದಸ್ಯರು ಮತ್ತು ರಾಜ್ಯ ಸರ್ಕಾರ ನೇಮಿಸುವ, 4ಕ್ಕೆ ಮೀರದ ತಜ್ಞರನ್ನೊಳಗೊಂಡ ಯೋಜನಾ ಸಮಿತಿ ಇರುತ್ತದೆ. ನಿಗದಿತ ಅವಧಿ ಬಹಳ ದೀರ್ಘವಾದುದಲ್ಲ. ಅದು ಮುಗಿದ ನಂತರ ಬಂದ ಪತ್ರವು ಎಷ್ಟೇ ನ್ಯಾಯವಾಗಿದ್ದರೂ ಕಡತದ ಹೊರಗೇ ಉಳಿಯುವ ಸಂಭವವಿದೆ.

ಈ ಅವಕಾಶದಿಂದ ಏನಾಗಬಲ್ಲದೆಂಬುದನ್ನು ಮುಂಬಯಿಯ 2034ರವರೆಗಿನ ಅಭಿವೃದ್ಧಿ ಯೋಜನೆ ತೋರಿಸಿಕೊಟ್ಟಿತು. 2015ರ ಫೆಬ್ರವರಿಯಲ್ಲಿ ಕರಡು ಪ್ರಕಟವಾದಾಗ, ಇರುವ ಕಟ್ಟಡಗಳ ಮೇಲೆಯೇ ರಸ್ತೆಗಳನ್ನು ಎಳೆಯಲಾಗಿದೆ, ಪಾರಂಪರಿಕ ಕಟ್ಟಡಗಳನ್ನು ಬಿಡಲಾಗಿದೆ ಎಂಬಂಥ ತಪ್ಪುಗಳನ್ನು ನಾಗರಿಕರು ಬೀದಿ ಬೀದಿಯಾಗಿ ಪರಿಶೀಲಿಸಿ ಎತ್ತಿ ತೋರಿಸಿದರು. ಬಂದ ಆಕ್ಷೇಪಣೆ ಮತ್ತು ಸಲಹೆಗಳು ಹತ್ತಾರು ಸಾವಿರ. ಅದೇ ವರ್ಷದ ಏಪ್ರಿಲಿನಲ್ಲಿ ರಾಜ್ಯ ಸರ್ಕಾರವು ಕರಡನ್ನು ಪರಿಷ್ಕರಿಸಲು ಆದೇಶಿಸಿತು. ಪರಿಷ್ಕೃತ ಕರಡು 2016ರ ಮೇ ತಿಂಗಳಲ್ಲಿ ಪ್ರಕಟವಾಗಿ, 2018ರಲ್ಲಿ ಯೋಜನೆಗೆ ಮಂಜೂರಾತಿ ದೊರೆಯಿತು. ಒಂದು ಮಹಾನಗರದ ನಕ್ಷೆಯನ್ನು ಮತ್ತೆ ಬರೆಯಿಸಿದುದು ಸಾಧಾರಣ ಗೃಹಸ್ಥರ ಅರ್ಜಿಗಳು ಎಂಬುದನ್ನು ಗಮನಿಸಬೇಕು.

ಅರ್ಜಿಯ ಸ್ವರೂಪವೂ ಮುಖ್ಯ. “ನಮ್ಮ ಭಾಗಕ್ಕೆ ಉದ್ಯಾನ ಬೇಕು” ಎಂಬ ಸಾವಿರ ಸಹಿಗಳ ಮನವಿಗಿಂತ, ಇಂಥ ನಗರ ಸರ್ವೆ ಸಂಖ್ಯೆಯ ನಿವೇಶನವು ಹಿಂದಿನ ಯೋಜನೆಯಲ್ಲಿ ಆಟದ ಮೈದಾನಕ್ಕೆ ಮೀಸಲಾಗಿತ್ತು, ಈಗಿನ ಕರಡಿನಲ್ಲಿ ವಾಣಿಜ್ಯ ಬಳಕೆಗೆ ತೋರಿಸಲಾಗಿದೆ, ಅದನ್ನು ಮೊದಲಿನಂತೆಯೇ ಉಳಿಸಬೇಕು ಎಂದು ಬರೆದ ಒಂದೇ ಪುಟ ಹೆಚ್ಚು ಉಪಯುಕ್ತ. ಕೇಂದ್ರ ಸರ್ಕಾರದ 2014ರ ನಗರ ಯೋಜನಾ ಮಾರ್ಗಸೂಚಿಗಳು ತಲಾ 10ರಿಂದ 12 ಚದರ ಮೀಟರ್ ತೆರೆದ ಜಾಗವನ್ನು ಅಪೇಕ್ಷಣೀಯವೆಂದು ಹೇಳಿವೆ. ಬಡಾವಣೆಯ ಜನಸಂಖ್ಯೆಯನ್ನೂ ಅಲ್ಲಿರುವ ತೆರೆದ ಜಾಗವನ್ನೂ ಲೆಕ್ಕ ಹಾಕಿ ಈ ಮಾನದೊಂದಿಗೆ ಹೋಲಿಸಿದರೆ ವಾದಕ್ಕೆ ಬಲ ಬರುತ್ತದೆ. ಹಳೆಯ ನಕ್ಷೆಯ ಪ್ರತಿ ಸುಲಭವಾಗಿ ದೊರೆಯದಿದ್ದಲ್ಲಿ 2005ರ ಮಾಹಿತಿ ಹಕ್ಕು ಕಾಯಿದೆಯಡಿ ಕೇಳಬಹುದು. ಸಾಮಾನ್ಯವಾಗಿ 30 ದಿನಗಳೊಳಗೆ ಉತ್ತರ ಬರಬೇಕು.

ಸದಾಶಿವನಗರದ ಮೊಕದ್ದಮೆ

ಉದ್ಯಾನಕ್ಕೆಂದು ಮೀಸಲಾದ ಜಾಗವನ್ನು ಬೇರೆ ಕಾರ್ಯಕ್ಕೆ ಕೊಟ್ಟಾಗ ಅಲ್ಲಿನ ನಿವಾಸಿಗಳಿಗೆ ಪ್ರಶ್ನಿಸುವ ಹಕ್ಕುಂಟೆ? ಈ ಪ್ರಶ್ನೆಗೆ ದೇಶಕ್ಕೆಲ್ಲ ಅನ್ವಯವಾಗುವ ಉತ್ತರ ದೊರೆತುದು ಬೆಂಗಳೂರಿನ ಪ್ರಕರಣವೊಂದರಲ್ಲಿ. ರಾಜಮಹಲ್ ವಿಲಾಸ ಬಡಾವಣೆಯಲ್ಲಿ, ಸದಾಶಿವನಗರವೆಂದು ಜನ ಕರೆಯುವ ಭಾಗದಲ್ಲಿ, ಉದ್ಯಾನಕ್ಕಾಗಿ ಬಿಟ್ಟಿದ್ದ ಜಾಗವನ್ನು ಬೆಂಗಳೂರು ಮೆಡಿಕಲ್ ಟ್ರಸ್ಟಿಗೆ ಖಾಸಗಿ ನರ್ಸಿಂಗ್ ಹೋಮ್ ಕಟ್ಟಲು ಹಂಚಿಕೆ ಮಾಡಲಾಗಿತ್ತು. ನಿವಾಸಿಗಳು ನ್ಯಾಯಾಲಯದ ಮೊರೆ ಹೊಕ್ಕರು. ಉಚ್ಚ ನ್ಯಾಯಾಲಯದ ವಿಭಾಗೀಯ ಪೀಠದ ತೀರ್ಪು ಅವರ ಪರವಾಯಿತು. 1991ರಲ್ಲಿ ಸರ್ವೋಚ್ಚ ನ್ಯಾಯಾಲಯವು ಟ್ರಸ್ಟಿನ ಮೇಲ್ಮನವಿಯನ್ನು ವಜಾ ಮಾಡಿತು. ಆಸ್ಪತ್ರೆಯೂ ಜನೋಪಯೋಗಿಯೇ ಅಲ್ಲವೇ ಎಂಬ ವಾದವನ್ನು ನ್ಯಾಯಾಲಯ ಒಪ್ಪಲಿಲ್ಲ. ಉದ್ಯಾನಕ್ಕೆ ಮೀಸಲಾದ ಜಾಗ ಸಾರ್ವಜನಿಕರ ಹಿತಕ್ಕಾಗಿ ಇರುವಂಥದು, ಅದನ್ನು ಕಳೆದುಕೊಳ್ಳುವ ನೆರೆಹೊರೆಯವರು ನೊಂದವರೇ ಸರಿ ಎಂಬುದು ತೀರ್ಪಿನ ತಿರುಳು. ಹೊರನಾಡಿನ ಕನ್ನಡಿಗರು ತಮ್ಮ ನಗರಗಳ ಅರ್ಜಿಗಳಲ್ಲಿ ಧಾರಾಳವಾಗಿ ಉಲ್ಲೇಖಿಸಬಹುದಾದ ತೀರ್ಪು ಇದು. ತಮಿಳುನಾಡಿನಲ್ಲಿ 1959ರಿಂದಲೂ, ಕರ್ನಾಟಕದಲ್ಲಿ 1985ರಿಂದಲೂ ಉದ್ಯಾನ, ಆಟದ ಮೈದಾನ ಮತ್ತು ತೆರೆದ ಜಾಗಗಳ ರಕ್ಷಣೆಗೆ ಪ್ರತ್ಯೇಕ ಕಾಯಿದೆಗಳೇ ಇವೆ.

ಯಾರ ಉದ್ಯಾನ?

ಜಾಗ ಉಳಿದ ಮಾತ್ರಕ್ಕೆ ಪ್ರಶ್ನೆ ಮುಗಿಯುವುದಿಲ್ಲ. ಅಲ್ಲಿ ಏನಿರಬೇಕು, ಬಾಗಿಲು ಎಷ್ಟು ಹೊತ್ತು ತೆರೆದಿರಬೇಕು ಎಂಬಲ್ಲಿ ನಿವಾಸಿಗಳ ನಡುವೆಯೇ ಭಿನ್ನಾಭಿಪ್ರಾಯ ಹುಟ್ಟುತ್ತದೆ. ಮುಂಬಯಿಯ ದಾದರಿನ ಶಿವಾಜಿ ಪಾರ್ಕ್ 1925ರಲ್ಲಿ ಸಾರ್ವಜನಿಕರಿಗೆ ತೆರೆಯಲ್ಪಟ್ಟಿತು. ಕ್ರಿಕೆಟ್ ಆಡುವ ಹುಡುಗರು, ವಾಯುಸೇವನೆಗೆ ಬರುವ ವೃದ್ಧರು, ಬೃಹತ್ ಸಭೆಗಳನ್ನು ನಡೆಸುವ ಪಕ್ಷಗಳು, ಸುತ್ತಲಿನ ಮನೆಗಳವರು, ಎಲ್ಲರಿಗೂ ಅದರ ಮೇಲೆ ಹಕ್ಕಿನ ಭಾವನೆ. ನಿವಾಸಿಗಳ ದೂರಿನ ಮೇರೆಗೆ 2010ರಲ್ಲಿ ಮುಂಬಯಿ ಉಚ್ಚ ನ್ಯಾಯಾಲಯವು ಆ ಪ್ರದೇಶವನ್ನು ನಿಶ್ಶಬ್ದ ವಲಯವೆಂದು ಪರಿಗಣಿಸಿತು. ಇಂಥ ತಗಾದೆಗಳು ನ್ಯಾಯಾಲಯಕ್ಕೆ ಹೋಗುವ ಮುನ್ನವೇ ಬಡಾವಣೆಯ ಸಭೆಯಲ್ಲಿ ಇತ್ಯರ್ಥವಾಗುವುದು ಮೇಲು.

ಸಭೆಗೆ ಯಾರು ಬರುತ್ತಾರೆ ಎಂಬುದರಲ್ಲಿಯೇ ಅರ್ಧ ತೀರ್ಮಾನ ಅಡಗಿರುತ್ತದೆ. ದೆಹಲಿ ಸರ್ಕಾರ 2000ದಲ್ಲಿ ಆರಂಭಿಸಿದ ‘ಭಾಗೀದಾರಿ’ ಯೋಜನೆಯು ನಿವಾಸಿ ಕಲ್ಯಾಣ ಸಂಘಗಳನ್ನು ಆಡಳಿತದೊಂದಿಗೆ ಜೋಡಿಸಿತು. ಅದು ಒಳ್ಳೆಯ ಉಪಕ್ರಮವೇ. ಆದರೆ ಇಂಥ ಸಂಘಗಳಲ್ಲಿ ಮನೆಯ ಒಡೆಯರಿಗೆ ಇರುವಷ್ಟು ಸ್ಥಾನ ಬಾಡಿಗೆದಾರರಿಗಾಗಲಿ ಹತ್ತಿರದ ಗುಡಿಸಲುಗಳವರಿಗಾಗಲಿ ಇರುವುದಿಲ್ಲ. ಹಲವು ಕಡೆ ಉದ್ಯಾನಗಳನ್ನು ಮಧ್ಯಾಹ್ನ ಮುಚ್ಚುವ ರೂಢಿಯಿದೆ. ಸಂಜೆ ತಿರುಗಾಡುವವರಿಗೆ ಅದರಿಂದ ಬಾಧಕವಿಲ್ಲ. ಬೆಳಗಿನ ಜಾವಕ್ಕೆ ಕೆಲಸಕ್ಕೆ ಇಳಿದು ಮಧ್ಯಾಹ್ನವಷ್ಟೇ ಬಿಡುವು ಕಾಣುವ ಉಡುಪಿ ಹೋಟೆಲಿನ ಹುಡುಗನಿಗೆ ಮಾತ್ರ ಮರದ ನೆರಳು ಬೇಕಾದಾಗಲೇ ಬಾಗಿಲಿಗೆ ಬೀಗ. ಅವನನ್ನು ಸಭೆಗೆ ಕರೆದವರಿದ್ದರೆ ತೆರೆಯುವ ವೇಳೆ ಬೇರೆಯಾಗುತ್ತಿತ್ತು. ಹೆಣ್ಣುಮಕ್ಕಳನ್ನು ಕೇಳಿದರೆ ಹೂವಿನ ಪಾತಿಗಿಂತ ಮೊದಲು ದೀಪವನ್ನೂ ಶೌಚಾಲಯವನ್ನೂ ಕೇಳುತ್ತಾರೆ. ಗಾಲಿಕುರ್ಚಿ ಬಳಸುವವರಿಗೆ ಬಾಗಿಲಿನ ಅಗಲವೇ ಮೊದಲ ಪ್ರಶ್ನೆ. ಅದಕ್ಕೆ ಅಂಗವಿಕಲರ ಹಕ್ಕುಗಳ 2016ರ ಕಾಯಿದೆಯ ಬೆಂಬಲವೂ ಉಂಟು.

ಸಭೆಗೆ ಮುನ್ನ ಒಂದು ವಾರ, ಬೆಳಿಗ್ಗೆ, ಮಧ್ಯಾಹ್ನ ಮತ್ತು ಸಂಜೆ, ಉದ್ಯಾನಕ್ಕೆ ಯಾರು ಯಾರು ಬರುತ್ತಾರೆ, ಎಲ್ಲಿ ಕೂರುತ್ತಾರೆ ಎಂದು ಬರೆದಿಡುವುದು ಸುಲಭ ಕ್ರಮ. ಅಭಿಪ್ರಾಯ ಹೇಳಲು ಹಿಂಜರಿಯುವವರ ಅಗತ್ಯವೂ ಆ ಟಿಪ್ಪಣಿಯಿಂದ ತಿಳಿದುಬರುತ್ತದೆ.

ಹಣ ಮತ್ತು ಅನಂತರದ ಎಚ್ಚರ

ಬೆಂಚು, ದೀಪ, ಕಾಲುದಾರಿಯಂಥ ಸಣ್ಣ ಕೆಲಸಗಳಿಗೆ ಆಯವ್ಯಯವೇ ದಾರಿ. ಪುಣೆ ಮಹಾನಗರಪಾಲಿಕೆಯು 2006ರಲ್ಲಿ ನಾಗರಿಕರ ಸಹಭಾಗಿತ್ವದ ಆಯವ್ಯಯ ಪದ್ಧತಿಯನ್ನು ಆರಂಭಿಸಿ, ವಾರ್ಡ್ ಕಚೇರಿಗಳಲ್ಲಿ ನಮೂನೆಗಳ ಮೂಲಕ ಸಲಹೆಗಳನ್ನು ಪಡೆಯತೊಡಗಿತು. ಆಯವ್ಯಯ ಮಂಡನೆಗೆ ತಿಂಗಳುಗಳ ಮೊದಲೇ ನಮೂನೆ ಸಲ್ಲಿಸಬೇಕಾಗುತ್ತದೆ. ಮಾರ್ಚಿಯಲ್ಲಿ ನೆನಪಾದರೆ ಪ್ರಯೋಜನವಿಲ್ಲ. ಅರ್ಜಿ, ನಮೂನೆಗಳು ಸ್ಥಳೀಯ ಭಾಷೆಯಲ್ಲಿರುವುದರಿಂದ ಹೊಸದಾಗಿ ಬಂದ ಕನ್ನಡಿಗರು ಹಿಂದೆ ಸರಿಯುವುದುಂಟು. ಆ ಭಾಷೆ ಬಲ್ಲ ಸದಸ್ಯರು ಕನ್ನಡ ಸಂಘಗಳಲ್ಲಿ ಇದ್ದೇ ಇರುತ್ತಾರೆ. ನಾಟಕ, ಉತ್ಸವಗಳ ನಡುವೆ ಒಂದು ಸಂಜೆಯನ್ನು ಇದಕ್ಕೂ ಮೀಸಲಿಡುವುದು ಸಾಧ್ಯ.

ಯೋಜನೆ ಮಂಜೂರಾದ ಮೇಲೂ ಕಾಲಗಣನೆ ನಿಲ್ಲುವುದಿಲ್ಲ. ಮಹಾರಾಷ್ಟ್ರದ ಕಾಯಿದೆಯ 127ನೇ ಪ್ರಕರಣದಂತೆ, ಮೀಸಲಾದ ಜಾಗವನ್ನು 10 ವರ್ಷಗಳೊಳಗೆ ವಶಪಡಿಸಿಕೊಳ್ಳದಿದ್ದರೆ ಮಾಲೀಕರು ಪ್ರಾಧಿಕಾರಕ್ಕೆ ನೋಟಿಸು ಕೊಡಬಹುದು. 2015ರ ತಿದ್ದುಪಡಿಯ ನಂತರ, ನೋಟಿಸು ತಲಪಿದ 24 ತಿಂಗಳೊಳಗೆ ಸ್ವಾಧೀನವಾಗಲಿ, ಅದಕ್ಕೆ ಬೇಕಾದ ಕ್ರಮವಾಗಲಿ ಆರಂಭವಾಗದಿದ್ದಲ್ಲಿ ಮೀಸಲು ರದ್ದಾಗುತ್ತದೆ. ನಕ್ಷೆಯಲ್ಲಿ ಕಂಡ ಉದ್ಯಾನ ಹೀಗೆ ಸದ್ದಿಲ್ಲದೆ ಮಾಯವಾಗಬಲ್ಲದು. ಆದುದರಿಂದ ತಮ್ಮ ವಾರ್ಡಿನಲ್ಲಿ ಯಾವ ನಿವೇಶನಗಳು ಉದ್ಯಾನ, ಮೈದಾನಗಳಿಗೆ ಮೀಸಲಾಗಿವೆ, ಯಾವ ವರ್ಷದಿಂದ, ಅವುಗಳಲ್ಲಿ ಎಷ್ಟು ಪಾಲಿಕೆಯ ವಶಕ್ಕೆ ಬಂದಿವೆ ಎಂಬ ಪಟ್ಟಿಯನ್ನು ನಿವಾಸಿಗಳು ಇಟ್ಟುಕೊಂಡು, ವರ್ಷಕ್ಕೊಮ್ಮೆ ವಾರ್ಡ್ ಕಚೇರಿಯಲ್ಲಿ ವಿಚಾರಿಸಬೇಕು. ಹತ್ತನೆಯ ವರ್ಷ ಸಮೀಪಿಸುತ್ತಿರುವ ನಿವೇಶನಗಳ ಕುರಿತು ಪಾಲಿಕೆ ಆಯುಕ್ತರಿಗೂ ಸ್ಥಳೀಯ ಪ್ರತಿನಿಧಿಗೂ ಲಿಖಿತವಾಗಿ ತಿಳಿಸಿ, ಸ್ವೀಕೃತಿಯ ಮೊಹರನ್ನು ಪಡೆದುಕೊಳ್ಳತಕ್ಕದ್ದು.