ತೋಟದ ಜೇಡ: ಭಯವೇತಕ್ಕೆ?

ಮಳೆಗಾಲದಲ್ಲಿ ಠಾಣೆ, ಡೊಂಬಿವಲಿಗಳ ಹೂದೋಟಗಳಲ್ಲಿ ಹಳದಿ ಪಟ್ಟೆಯ ಜೇಡವೊಂದು ಬಲೆಯ ನಡುವೆ ತಲೆಕೆಳಗಾಗಿ ಕುಳಿತಿರುವುದುಂಟು. ಎಂಟು ಕಾಲುಗಳನ್ನು ಎರಡೆರಡಾಗಿ ಜೋಡಿಸಿ ಗುಣಾಕಾರದ ಚಿಹ್ನೆಯಂತೆ ಚಾಚಿದ್ದು, ಬಲೆಯಲ್ಲಿ ಸಹಿ ಹಾಕಿದಂತೆ ಅಂಕುಡೊಂಕಾದ ಬಿಳಿಯ ನೇಯ್ಗೆಯಿದ್ದರೆ ಅದು ಆರ್ಜಿಯೋಪಿ ಕುಲದ ‘ಸಿಗ್ನೇಚರ್ ಸ್ಪೈಡರ್’.

ಇದರ ವಿಷ ಕೀಟಗಳಿಗೆ ಮಾರಕ, ಮನುಷ್ಯನಿಗಲ್ಲ. ಹಿಡಿಯಹೋದಾಗ ಕಚ್ಚಿದರೂ ಸಾಮಾನ್ಯವಾಗಿ ಜೇನುನೊಣ ಕುಟುಕಿದಷ್ಟೇ ನೋವು. ಸಾಬೂನಿನಿಂದ ತೊಳೆದು ತಣ್ಣೀರುಪಟ್ಟಿ ಇಟ್ಟರೆ ಸಾಕು. ಊತ ಹಬ್ಬಿದರೆ, ಉಸಿರಾಟಕ್ಕೆ ತೊಂದರೆಯಾದರೆ ಒಡನೆ ಆಸ್ಪತ್ರೆಗೆ ಹೋಗಬೇಕು.

ನಿಜವಾದ ಅಪಾಯ ಬೇರೆಡೆಯಿದೆ. ಮೈಯ ಒಂದೇ ಪಕ್ಕದಲ್ಲಿ ಉರಿಯೊಡನೆ ಸಾಲುಗುಳ್ಳೆಗಳೆದ್ದರೆ ‘ಜೇಡ ಮೂತ್ರ ಮಾಡಿತು’ ಎಂದು ಕಾಲ ಕಳೆಯುವವರುಂಟು. ಅದು ಸರ್ಪಸುತ್ತು ಆಗಿರಬಹುದು. ಅದರ ಔಷಧಿಯನ್ನು 72 ಗಂಟೆಗಳೊಳಗೆ ಆರಂಭಿಸಿದರೆ ಹೆಚ್ಚು ಫಲ. ಜೇಡವನ್ನು ಕೊಲ್ಲದಿರಿ, ವೈದ್ಯರನ್ನು ಕಾಣಲು ತಡಮಾಡದಿರಿ.