ಸಿಂಗಪುರಕ್ಕೆ ಹೊರಟವಳಿಗೆ

ಪ್ರೀತಿಯ ಮಗಳೇ,

ಕಂಪನಿಯವರು ನಿನ್ನನ್ನು ಸಿಂಗಪುರದ ಸಮ್ಮೇಳನಕ್ಕೆ ಕಳಿಸುತ್ತಿದ್ದಾರೆಂದು ನಿನ್ನ ಉಮ್ಮ ಫೋನಿನಲ್ಲಿ ಹೇಳಿದಳು. ಸೂಟ್‌ಕೇಸಿನ ತುಂಬ ಬಿಸ್ಕತ್ತು, ಖರ್ಜೂರ, ಕಪ್ ನೂಡಲ್ಸ್ ತುಂಬಿಕೊಂಡಿದ್ದೀಯ ಎಂದೂ ಹೇಳಿದಳು. ಖರ್ಜೂರ ಇರಲಿ, ಉಳಿದದ್ದನ್ನು ತೆಗೆದಿಡು. ಸಮ್ಮೇಳನದ ನಿಜವಾದ ಮಾತುಕತೆ ನಡೆಯುವುದು ವೇದಿಕೆಯ ಮೇಲಲ್ಲ, ಊಟಕ್ಕೆ ಕೂತಾಗ. ರೂಮಿನ ಬಾಗಿಲು ಹಾಕಿಕೊಂಡು ಕೆಟಲಿನಲ್ಲಿ ನೀರು ಕಾಯಿಸುವವಳಿಗೆ ಅದು ಸಿಗುವುದಿಲ್ಲ.

ಹಲಾಲ್ ಊಟಕ್ಕೆ ಹೆದರಬೇಕಾದ ಊರೂ ಅದಲ್ಲ. ಅಲ್ಲಿ ನೂರಕ್ಕೆ ಸುಮಾರು 15 ಜನ ಮುಸ್ಲಿಮರು. ಹಲಾಲ್ ಪ್ರಮಾಣಪತ್ರ ಕೊಡುವುದು ಮುಯಿಸ್ ಎಂಬ ಸರ್ಕಾರಿ ಧಾರ್ಮಿಕ ಮಂಡಳಿ, 1978ರಿಂದ. ಪತ್ರವಿಲ್ಲದೆ ಅದರ ಮುದ್ರೆ ಹಾಕಿಕೊಂಡವರಿಗೆ 10,000 ಡಾಲರ್‌ವರೆಗೆ ದಂಡ, ಒಂದು ವರ್ಷದವರೆಗೆ ಜೈಲು. ಹಾಗಾಗಿ ಗೋಡೆಗೆ ತೂಗುಹಾಕಿದ ಪತ್ರವನ್ನು ನಂಬಬಹುದು. ಅವಧಿ ಮುಗಿದಿಲ್ಲ ತಾನೇ, ಆ ಅಂಗಡಿಗೇ ಕೊಟ್ಟದ್ದು ತಾನೇ ಎಂದು ಒಮ್ಮೆ ಕಣ್ಣಾಡಿಸು. ದೊಡ್ಡ ಹೋಟೆಲುಗಳಲ್ಲಿ ನಾಲ್ಕಾರು ರೆಸ್ಟೋರೆಂಟ್ ಇದ್ದು, ಒಂದಕ್ಕೆ ಮಾತ್ರ ಪತ್ರ ಇರುವುದುಂಟು.

ಮೋಸ ಹೋಗುವುದು ಬೇರೆ ಫಲಕದಿಂದ. ‘ನೋ ಪೋರ್ಕ್, ನೋ ಲಾರ್ಡ್’ ಎಂದು ಬರೆದ ಅಂಗಡಿಗಳು ಬೇಕಾದಷ್ಟು. ಹಂದಿ ಮಾಂಸವೂ ಇಲ್ಲ, ಅದರ ಕೊಬ್ಬೂ ಇಲ್ಲ ಎಂಬಷ್ಟನ್ನೇ ಅದು ಹೇಳುತ್ತದೆ. ಕೋಳಿ ಎಲ್ಲಿಂದ ಬಂತು, ಯಾರು ಕೊಯ್ದರು ಎಂಬುದಕ್ಕೆ ಅಲ್ಲಿ ಉತ್ತರವಿಲ್ಲ. ಚೀನೀ ಅಡುಗೆಗೆ ಅಕ್ಕಿಯ ಮದ್ಯ ಬೀಳುತ್ತದೆ, ಜಪಾನೀ ಅಡುಗೆಗೆ ಮಿರಿನ್ ಎಂಬ ಮದ್ಯ. ಬರೀ ತರಕಾರಿ ಎಂದು ಕೊಟ್ಟ ತಟ್ಟೆಯಲ್ಲೂ ಅದು ಇರಬಹುದು, ಕೇಳು. ಕೇಳಲು ನಾಚಿಕೆ ಯಾಕೆ? ಅಲ್ಲಿಯವರಿಗೆ ಇದು ದಿನನಿತ್ಯದ ಪ್ರಶ್ನೆ. ಸಣ್ಣ ಊಟದಂಗಡಿಗಳು ಸಾಲಾಗಿರುವ ಹಾಕರ್ ಸೆಂಟರುಗಳಲ್ಲಿ ತಿಂದ ಟ್ರೇಯನ್ನು ವಾಪಸ್ ಇಡುವ ಕಪಾಟುಗಳು ಕೂಡ ಹಲಾಲಿಗೊಂದು, ಉಳಿದದ್ದಕ್ಕೊಂದು ಎಂದು ಬೇರೆಯಾಗಿವೆ. ನಿನ್ನ ಟ್ರೇಯನ್ನೂ ಸರಿಯಾದ ಕಡೆಯೇ ಇಡು.

ಪತ್ರ ಪಡೆಯುವುದು ಎಲ್ಲರಿಗೂ ಕಡ್ಡಾಯವಲ್ಲ. ಮುಸ್ಲಿಮರೇ ನಡೆಸುವ ಎಷ್ಟೋ ಸಣ್ಣ ಅಂಗಡಿಗಳು ಅದಿಲ್ಲದೆಯೂ ಇವೆ. ನಾನು ಯಜಮಾನರನ್ನು ಕೇಳಿ, ಅವರ ಮಾತು ನಂಬಿ ಉಣ್ಣುತ್ತೇನೆ. ನಿನ್ನ ಬಾಪ ಒಪ್ಪಲಾರರು. ತೀರ್ಮಾನ ನಿನ್ನದು.

ಸಮ್ಮೇಳನದ ಮಧ್ಯಾಹ್ನದೂಟಕ್ಕೆ ಮಾತ್ರ ಮೊದಲೇ ಹೇಳಿಡಬೇಕು. ನೋಂದಣಿ ಫಾರಂನಲ್ಲಿ ಆಹಾರದ ಕಾಲಂ ಇರುತ್ತದೆ, ಅಲ್ಲಿ ಹಲಾಲ್ ಎಂದು ಬರೆ. ಸಂಘಟಕರಿಗೆ ಒಂದು ಮೇಲ್ ಕೂಡ ಹಾಕು, ಅಡುಗೆ ಬರುವುದು ಪ್ರಮಾಣಪತ್ರವಿರುವ ಅಡುಗೆಮನೆಯಿಂದಲೇ ತಾನೇ ಎಂದು ಕೇಳು. ಬಫೆಯಲ್ಲಿ ಮೊದಲ ಸರದಿಯಲ್ಲೇ ಹೋಗು. ತಡವಾದರೆ ಪಕ್ಕದ ಪಾತ್ರೆಯ ಸೌಟು ಇದರೊಳಗೆ ಬಿದ್ದಿರುತ್ತದೆ.

ಇನ್ನು ಸಂಜೆ. ದೊಡ್ಡ ಸಮ್ಮೇಳನಗಳು ನಡೆಯುವುದು ಹೆಚ್ಚಾಗಿ ಸನ್‌ಟೆಕ್, ಮರೀನಾ ಬೇ ಸ್ಯಾಂಡ್ಸ್, ಇಲ್ಲವೇ ಚಾಂಗಿ ಕಡೆಯ ಸಿಂಗಪುರ ಎಕ್ಸ್‌ಪೋದಲ್ಲಿ. ಮೂರೂ ಕಡೆಯಿಂದ ಡೌನ್‌ಟೌನ್ ಲೈನಿನ ಮೆಟ್ರೊ ಹತ್ತಿದರೆ ಬುಗಿಸ್‌ನಲ್ಲಿ ಇಳಿಯಬಹುದು. ಸನ್‌ಟೆಕ್‌ಗೆ ಹತ್ತಿರದ ಪ್ರಾಮನೇಡ್‌ನಿಂದ ಅದು ಮುಂದಿನ ನಿಲ್ದಾಣವೇ. ಎಕ್ಸ್‌ಪೋದಿಂದ ದೂರ, ಆದರೆ ರೈಲು ಬದಲಿಸಬೇಕಿಲ್ಲ. ಬುಗಿಸ್‌ನಿಂದ ನಡೆದರೆ ಕಾಂಪೊಂಗ್ ಗ್ಲಾಮ್ ಬಡಾವಣೆ, ಅಲ್ಲಿ ಸುಲ್ತಾನ್ ಮಸೀದಿಯ ಚಿನ್ನದ ಗುಮ್ಮಟ. ಮಸೀದಿಯ ಎದುರಿಗೆ 1908ರಿಂದ ನಡೆದುಬಂದಿರುವ ಝಂಝಂ ಹೋಟೆಲು, ಕೇರಳದಿಂದ ಹೋದವರೊಬ್ಬರು ಶುರು ಮಾಡಿದ್ದು. ಅಲ್ಲಿ ಮುರ್ತಬಾ ತಿನ್ನು. ಮೈದಾ ಹಿಟ್ಟನ್ನು ಕರ್ಚೀಫಿನಷ್ಟು ತೆಳ್ಳಗೆ ಬೀಸಿ, ಕೊಚ್ಚಿದ ಕುರಿಮಾಂಸ, ಮೊಟ್ಟೆ, ಈರುಳ್ಳಿ ತುಂಬಿ ಮಡಚಿ, ದೊಡ್ಡ ಕಾವಲಿಯ ಮೇಲೆ ಬೇಯಿಸಿ, ಜೊತೆಗೆ ಸಾರು ಕೊಡುತ್ತಾರೆ. ಸಣ್ಣದನ್ನೇ ಹೇಳು, ಇಬ್ಬರಿಗೆ ಸಾಕಾದೀತು. ಆ ಸುತ್ತಲ ಬೀದಿಗಳಲ್ಲಿ ಮಲಯರ ನಾಸಿ ಪಾದಾಂಗ್ ಅಂಗಡಿಗಳಿವೆ. ಗಾಜಿನ ಹಿಂದೆ ಸಾಲಾಗಿ ಇಟ್ಟ ಪಲ್ಯ, ಮೀನು, ರೆಂಡಾಂಗ್ ಇತ್ಯಾದಿಯನ್ನು ಬೆರಳು ಮಾಡಿ ತೋರಿಸಿದರೆ ಅನ್ನದ ಮೇಲೆ ಹಾಕಿಕೊಡುತ್ತಾರೆ. ನನ್ನ ಮಟ್ಟಿಗೆ ಸಿಂಗಪುರದ ಅತ್ಯುತ್ತಮ ಊಟ ಅದೇ, ಮುರ್ತಬಾ ಎರಡನೆಯದು.

ಸಹೋದ್ಯೋಗಿಗಳು ಲಾವ್ ಪಾ ಸಾತ್ ಎಂಬ ಹಾಕರ್ ಸೆಂಟರಿನ ಪಕ್ಕದಲ್ಲಿ, ಕಡ್ಡಿಗೆ ಚುಚ್ಚಿ ಸುಟ್ಟ ಮಾಂಸ ಮಾರುವ ಸತೇ ಬೀದಿಗೆ ಎಳೆದೊಯ್ಯುತ್ತಾರೆ. ಹೋಗು, ಆದರೆ ಯಾವ ಅಂಗಡಿ ಎಂದು ವಿಚಾರಿಸಿಕೋ. ಅದೇ ಮೇಜಿಗೆ ಬಿಯರ್ ಕೂಡ ಬರುತ್ತದೆ ಎಂಬುದು ಗೊತ್ತಿರಲಿ.

ಇಷ್ಟೆಲ್ಲ ಬರೆದದ್ದು ಒಂದು ಮಾತು ಹೇಳಲಿಕ್ಕೆ. ಯಾರೋ ಕರೆದ ಊಟಕ್ಕೆ ಹೋಗಿ, ಏನು ತಿನ್ನಲಿ ಎಂದು ಮೆನು ತಿರುವಿಹಾಕುತ್ತ ಕೂರುವ ಬದಲು ನೀನೇ ಕರೆ. ಜಾಗದ ಆಯ್ಕೆ ನಿನ್ನದಾದರೆ ಆ ಚಿಂತೆಯೇ ಇಲ್ಲ. ಮಲೇಷ್ಯಾದವರು, ದುಬೈಯವರು ಹೇಗೂ ಬರುತ್ತಾರೆ. ಜರ್ಮನಿಯವರಿಗೆ ಹೋಟೆಲಿನ ಸಪ್ಪೆ ಊಟಕ್ಕಿಂತ ಇದು ಖುಷಿ. ಹಲಾಲ್ ಪತ್ರವಿರುವಲ್ಲಿ ಮದ್ಯ ಸಿಗುವುದಿಲ್ಲ ಎಂದು ಮೊದಲೇ ಹೇಳಿಬಿಡು, ಮುಜುಗರ ತಪ್ಪುತ್ತದೆ. ನಿಮ್ಮ ತಂಡದ ಶುದ್ಧ ಸಸ್ಯಾಹಾರಿಗಳನ್ನು ಮರೆಯಬೇಡ. ನಿನ್ನ ಹಾಗೆಯೇ ಅವರೂ ರೂಮಿನಲ್ಲಿ ಚುರುಮುರಿ ತಿನ್ನುತ್ತಿರುತ್ತಾರೆ. ಸೆರಂಗೂನ್ ರಸ್ತೆಯಲ್ಲಿ 1947ರ ಕೋಮಲ ವಿಲಾಸ್ ಇದೆ, 2013ರಲ್ಲಿ ತೆರೆದ ನಮ್ಮ ಬೆಂಗಳೂರಿನ ಎಂಟಿಆರ್ ಇದೆ. ಒಂದು ಸಂಜೆ ಎಲ್ಲರನ್ನೂ ಅಲ್ಲಿಗೆ ಕರೆದುಕೊಂಡು ಹೋಗು. ರವೆ ಇಡ್ಲಿಗೆ ಯಾರ ತಕರಾರೂ ಇರಲಾರದು.

ಯಾರನ್ನು ಕರೆಯಬೇಕೋ ಅವರಿಗೆ ಇವತ್ತೇ ಮೇಲ್ ಕಳಿಸು. ಸಮ್ಮೇಳನ ಶುರುವಾದ ಮೇಲೆ ಯಾರ ಸಂಜೆಯೂ ಖಾಲಿ ಇರುವುದಿಲ್ಲ.

ಇಂತಿ,
ನಿನ್ನ ಮಾಮ